ಬೆಳಗಿನ ಮಸ್ಟರ್‌ಗೆ ಒಂದು ದಿನ ಬನ್ನಿ, ನಮ್ಮ ಜನರ ಪಾದ ನೋಡಿ

ಕೊಡಗು ಜಿಲ್ಲಾಧಿಕಾರಿಗಳಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಕೊಡಗಿನ ಕಾಫಿ ತೋಟದ ಮಾಲೀಕರಿಗೆ,

ನಮಸ್ಕಾರ.

ನಾನು ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. 22 ವರ್ಷದಿಂದ ಇದೇ ಕೆಲಸ. ಬೆಳಗ್ಗೆ ಮಸ್ಟರ್ ಕರೆಯುತ್ತೇನೆ, ಅಂದರೆ ಎಲ್ಲರನ್ನೂ ನಿಲ್ಲಿಸಿ ಹಾಜರಿ ಹಾಕುತ್ತೇನೆ, ಕೂಲಿ ಲೆಕ್ಕದ ಚೆಕ್‌ರೋಲ್ ಬರೆಯುತ್ತೇನೆ, ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿಸಿ ಲೆಕ್ಕ ಹಾಕುತ್ತೇನೆ. ನಾನು ಡಾಕ್ಟರ್ ಅಲ್ಲ. ಆದರೆ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲು ಮನೆಯ, ಪ್ರತಿಯೊಬ್ಬರನ್ನೂ ದಿನಕ್ಕೆ ಎರಡು ಸಲ ಎದುರಿಗೆ ನಿಲ್ಲಿಸಿ ನೋಡುವವನು ನಾನು. ಆ ಕಾರಣಕ್ಕೇ ಸಕ್ಕರೆ ಕಾಯಿಲೆಯ ಬಗ್ಗೆ, ಅದು ಪಾದಕ್ಕೆ ಮಾಡುವ ಹಾನಿಯ ಬಗ್ಗೆ ಈ ಪತ್ರ ಬರೆಯಬೇಕಾಯಿತು.

ಮೂರು ವರ್ಷದ ಹಿಂದಿನ ಮಾತು. ಜನವರಿ ಕೊನೆ, ರೋಬಸ್ಟಾ ಕೊಯ್ಲು ಜೋರಾಗಿತ್ತು. ಸಂಜೆ ಎಲ್ಲರೂ ಚೀಲ ಹೊತ್ತು ಕಣಕ್ಕೆ ಬರುತ್ತಿದ್ದರು. ಸಿಮೆಂಟಿನ ಮೇಲೆ ಒಂದೇ ಕಾಲಿನ ಗುರುತು ಸಾಲಾಗಿ ಬಿದ್ದಿತ್ತು, ಹೆಬ್ಬೆರಳಿನ ಹತ್ತಿರ ಕೆಂಪಗೆ. ಕಾಫಿ ಹಣ್ಣಿನ ರಸ ಇರಬೇಕು ಅಂದುಕೊಂಡೆ. ಆ ಹೆಜ್ಜೆ ಬಂದು ನಿಂತದ್ದು ನಮ್ಮ ಲೈನಿನ ಒಬ್ಬ ಅಕ್ಕನ ಕಾಲಿನ ಹತ್ತಿರ. ವಯಸ್ಸು 50ರ ಆಸುಪಾಸು, ಕೊಯ್ಲಿನಲ್ಲಿ ಅವರ ಕೈಗೆ ಸಾಟಿ ಯಾರೂ ಇರಲಿಲ್ಲ. ಚಪ್ಪಲಿ ತೆಗೆಸಿ ನೋಡಿದರೆ ಗಿಡ ಕಪಾತು ಮಾಡಿ (ಕೊಂಬೆ ಕತ್ತರಿಸಿ) ಬಿಟ್ಟಿದ್ದ ಒಂದು ಕಡ್ಡಿ ಚಪ್ಪಲಿ ತೂತು ಮಾಡಿಕೊಂಡು ಬೆರಳಿನ ಬುಡಕ್ಕೆ ಹೊಕ್ಕಿತ್ತು. ಯಾವಾಗ ಚುಚ್ಚಿತು ಅಂತ ಕೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. "ನೋವೇ ಇಲ್ಲ ರೈಟ್ರೇ, ನೀವು ತೂಕ ಬರ್ಕೊಳ್ಳಿ" ಅಂದರು.

ನಾನು ಕಡ್ಡಿ ಕಿತ್ತು, ಅರಿಶಿನ ಹಚ್ಚಿ, ಬಟ್ಟೆ ಕಟ್ಟಿ ಕಳಿಸಿದೆ. ನೋವಿಲ್ಲ ಅಂದಮೇಲೆ ಗಾಯ ಸಣ್ಣದು ಅಂತ ನನ್ನ ತಲೆಯಲ್ಲಿತ್ತು. ಮರುದಿನ ಅವರು ಕೆಲಸಕ್ಕೆ ಬಂದರು, ಅದರ ಮರುದಿನವೂ ಬಂದರು. ಮೂರು ವಾರ ಕಳೆದ ಮೇಲೆ ಮಸ್ಟರಿನಲ್ಲಿ ಪಕ್ಕ ನಿಂತವರು ಮೂಗು ಮುಚ್ಚಿಕೊಂಡರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಶುಗರ್ 412 ಇತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಅವತ್ತೇ ಮೊದಲು ಗೊತ್ತಾಗಿದ್ದು. ಎರಡು ಬೆರಳು ತೆಗೆದರು.

ನೋವಿಲ್ಲದ ಗಾಯವೇ ದೊಡ್ಡ ಅಪಾಯ ಅಂತ ಆಗ ನನಗೆ ಯಾರಾದರೂ ಹೇಳಿಕೊಟ್ಟಿದ್ದರೆ ಆ ಬೆರಳುಗಳು ಉಳಿಯುತ್ತಿದ್ದವು. ಇದನ್ನು ನಾನು ನೂರು ಸಲ ಯೋಚಿಸಿದ್ದೇನೆ. ಆಮೇಲೆ ಸಿಕ್ಕ ಡಾಕ್ಟರನ್ನೆಲ್ಲ ಕೇಳಿ, ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಇದೆಲ್ಲ ಗೊತ್ತಿರುತ್ತದೆ. ಆದರೆ ಇದು ಬಹಿರಂಗ ಪತ್ರ. ಲೈನ್ ಮನೆಯಲ್ಲಿ, ಬುಡಕಟ್ಟಿನವರ ಹಾಡಿಯಲ್ಲಿ, ಕೊಡವರ ಮೂಲಮನೆಯಾದ ಐನ್‌ಮನೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಓದಿದರೆ ಅವರಿಗೂ ಉಪಯೋಗವಾಗಲಿ.

ನಾವು ತಿಂದ ಅನ್ನ, ರೊಟ್ಟಿ, ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಎಲ್ಲ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ರಕ್ತದಿಂದ ಮೈಯ ಒಳಗೆ, ಸ್ನಾಯುಗಳಿಗೆ ಹೋಗಬೇಕು. ಹಾಗೆ ಒಳಗೆ ಬಿಡುವುದು ಇನ್ಸುಲಿನ್. ಹೊಟ್ಟೆಯ ಹಿಂದೆ ಇರುವ ಮೇದೋಜೀರಕ ಗ್ರಂಥಿ ಅದನ್ನು ತಯಾರು ಮಾಡುತ್ತದೆ. ನನಗೆ ಇದು ಅರ್ಥವಾದದ್ದು ನಮ್ಮ ಗೋಡೌನಿನ ಲೆಕ್ಕದಲ್ಲಿ. ಕಣದ ತುಂಬ ಒಣಗಿದ ಕಾಫಿ ಚೀಲ ಬಿದ್ದಿದೆ, ಗೋಡೌನಿನ ಬಾಗಿಲು ತೆಗೆಯುವವನೇ ಇಲ್ಲ ಅನ್ನಿ. ಅದು ಟೈಪ್ 1. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡಿರುತ್ತದೆ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಶುರುವಾಗುತ್ತದೆ. ಅವರಿಗೆ ಇನ್ಸುಲಿನ್ ಬೇಕೇ ಬೇಕು, ಬೇರೆ ದಾರಿ ಇಲ್ಲ. ಇನ್ನೊಂದು, ಬಾಗಿಲು ತೆಗೆಯುವವನು ಇದ್ದಾನೆ, ಆದರೆ ಬಾಗಿಲು ತುಕ್ಕು ಹಿಡಿದು ಬಿಗಿಯಾಗಿದೆ. ಅವನು ತಳ್ಳಿ ತಳ್ಳಿ ಸುಸ್ತಾಗುತ್ತಾನೆ. ಅದು ಟೈಪ್ 2. ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಇದೇ. ಎರಡರಲ್ಲೂ ಚೀಲಗಳು ಹೊರಗೇ ಉಳಿಯುತ್ತವೆ. ಮನೆಯೊಳಗೆ ಹಸಿವು, ಅಂಗಳದಲ್ಲಿ ಕೊಳೆಯುತ್ತಿರುವ ಕಾಳು.

ಯಾಕೆ ಬರುತ್ತದೆ? ಸಿಹಿ ತಿಂದವರಿಗೆ ಮಾತ್ರ ಬರುತ್ತದೆ ಅನ್ನುವುದು ತಪ್ಪು. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಸೊಂಟದ ಸುತ್ತ ಕೊಬ್ಬು ಸೇರಿದರೆ ಜಾಸ್ತಿ. ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಅಂತ ಡಾಕ್ಟರುಗಳು ಹೇಳುತ್ತಾರೆ. ಬಸುರಿಯಾಗಿದ್ದಾಗ ಶುಗರ್ ಬಂದಿದ್ದವರಿಗೆ ಮುಂದೆ ಬರುವ ಸಂಭವ ಹೆಚ್ಚು. ಬೀಡಿ, ಸಿಗರೇಟು ಕೂಡ ಸೇರಿಕೊಳ್ಳುತ್ತದೆ.

ನಮ್ಮ ತೋಟಗಳಲ್ಲಿ ಒಂದು ಮಾತಿದೆ. "ದಿನವಿಡೀ ಬೆಟ್ಟ ಹತ್ತಿ ಇಳಿಯುವವರಿಗೆ ಎಂಥ ಶುಗರ್?" ನಾನೂ ಹಾಗೇ ನಂಬಿದ್ದೆ. ಆ ಅಕ್ಕ ಸಪೂರ ಇದ್ದರು, ಕೆಲಸದಲ್ಲಿ ಗಟ್ಟಿ ಇದ್ದರು. ಹಾಗಿದ್ದೂ ಬಂತು. ಮೈಬಗ್ಗಿಸಿ ದುಡಿಯುವುದು ತುಂಬ ಒಳ್ಳೆಯದು, ಆದರೆ ಅದು ಪೂರ್ತಿ ಕಾವಲು ಅಲ್ಲ. ಮೂರು ಹೊತ್ತೂ ತಟ್ಟೆ ತುಂಬ ಅನ್ನ, ಜೊತೆಗೆ ನೀರು ಸಾರು, ಬೇಳೆ ಕಾಳು ಕಡಿಮೆ. ಲೈನ್ ಮನೆಯ ಊಟ ಹೆಚ್ಚಾಗಿ ಹೀಗೇ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ, ಚಿಕ್ಕಂದಿನಲ್ಲಿ ಹೊಟ್ಟೆಗೆ ಸರಿಯಾಗಿ ಇಲ್ಲದೆ ಬೆಳೆದ ಸಣಕಲು ಜನರಲ್ಲಿ ಬರುವ ಸಕ್ಕರೆ ಕಾಯಿಲೆಯನ್ನು ಟೈಪ್ 5 ಅಂತ ಬೇರೆಯಾಗಿಯೇ ಗುರುತಿಸಿತು. ನಮ್ಮ ಯರವರ, ಕುರುಬರ ಹಾಡಿಗಳನ್ನು ನೋಡಿದವರಿಗೆ ಆ ಸುದ್ದಿ ಓದಿದಾಗ ಏನನ್ನಿಸಿರಬಹುದು ಯೋಚಿಸಿ. ದಪ್ಪ ಇರುವವರನ್ನು ಮಾತ್ರ ಪರೀಕ್ಷೆ ಮಾಡಿದರೆ ಇವರೆಲ್ಲ ತಪ್ಪಿಹೋಗುತ್ತಾರೆ.

ದೇಶದ ಲೆಕ್ಕವೂ ಸಣ್ಣದಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಡೆಸಿದ ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ಅದರ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ. ಅಂಚಿನಲ್ಲಿ ನಿಂತವರು, ಅಂದರೆ ಕಾಯಿಲೆ ಇನ್ನೂ ಬಂದಿಲ್ಲ ಆದರೆ ಶುಗರ್ ಏರಿದೆ ಅನ್ನುವವರು, 13 ಕೋಟಿ 60 ಲಕ್ಷ.

ಪತ್ತೆ ಮಾಡುವುದು ಕಷ್ಟವೇ? ಅಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದೆ, ಅಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ತಗೊಳ್ಳದೆ, ರಕ್ತ ಕೊಟ್ಟಾಗ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಅಂಚು. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 200 ಮುಟ್ಟಿದರೂ ಕಾಯಿಲೆ. ಪದೇ ಪದೇ ಮೂತ್ರ, ಎಷ್ಟು ಕುಡಿದರೂ ತೀರದ ಬಾಯಾರಿಕೆ, ಕಾರಣ ಇಲ್ಲದೆ ಮೈ ಇಳಿಯುವುದು ಇಂಥದ್ದೆಲ್ಲ ಇದ್ದು ಯಾವ ಹೊತ್ತಿನಲ್ಲಿ ನೋಡಿದರೂ 200ರ ಮೇಲೆ ಬಂದರೂ ಅದೇ. ಲಕ್ಷಣ ಇಲ್ಲದವರಿಗೆ ಒಂದೇ ಸಲಕ್ಕೆ ತೀರ್ಮಾನ ಮಾಡುವುದಿಲ್ಲ, ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಬೆರಳು ಚುಚ್ಚಿ ನೋಡುವ ಮೆಷಿನ್ ದಾರಿ ತೋರಿಸುತ್ತದೆ, ಖಾತ್ರಿಗೆ ಲ್ಯಾಬಿನ ರಕ್ತಪರೀಕ್ಷೆ ಬೇಕು.

ಇನ್ನೊಂದಿದೆ, ಎಚ್‌ಬಿಎ1ಸಿ. ಹೋದ ಎರಡು ಮೂರು ತಿಂಗಳ ಸರಾಸರಿ ಲೆಕ್ಕ ಹೇಳುತ್ತದೆ. 6.5 ಅಥವಾ ಮೇಲೆ ಇದ್ದರೆ ಕಾಯಿಲೆ. ಉಪವಾಸ ಬೇಡ, ಯಾವಾಗ ಬೇಕಾದರೂ ಕೊಡಬಹುದು. ಆದರೆ ಇಲ್ಲಿ ಆರೋಗ್ಯಾಧಿಕಾರಿಗಳ ಗಮನಕ್ಕೆ ಒಂದು ಮಾತು. ಇದು ರಕ್ತದ ಕೆಂಪು ಕಣದ ಮೇಲೆ ನಿಂತ ಪರೀಕ್ಷೆ. ರಕ್ತಹೀನತೆ ಇದ್ದವರಲ್ಲಿ, ಸಿಕಲ್ ಸೆಲ್ ಅನ್ನುವ, ಕೆಂಪು ಕಣದ ಆಕಾರ ಕೆಡಿಸುವ ವಂಶದ ಕಾಯಿಲೆ ಇದ್ದವರಲ್ಲಿ ಅದು ತಪ್ಪು ಲೆಕ್ಕ ಕೊಡಬಹುದು. ನಮ್ಮ ತೋಟದ ಹೆಂಗಸರಲ್ಲಿ ರಕ್ತ ಕಡಿಮೆ ಇರುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ಈ ಭಾಗದ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಇರುವ ಕಾರಣಕ್ಕೇ 2023ರಿಂದ ಅದರ ನಿರ್ಮೂಲನಾ ಅಭಿಯಾನವೂ ನಡೆಯುತ್ತಿದೆ. ಹಾಗಾಗಿ ನಮ್ಮವರಿಗೆ ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆಯನ್ನು ಬಿಡಬೇಡಿ.

ಈ ಖಾಲಿ ಹೊಟ್ಟೆ ಅನ್ನುವ ಮಾತಿಗೆ ಬಂದೆ, ಅಲ್ಲೇ ನನ್ನ ಮುಖ್ಯ ಕೋರಿಕೆ ಇದೆ.

ಸರ್ಕಾರದ ಕಾರ್ಯಕ್ರಮ ಇಲ್ಲ ಅಂತ ನಾನು ಹೇಳುವುದಿಲ್ಲ. 30 ವರ್ಷ ದಾಟಿದ ಎಲ್ಲರಿಗೂ ಶುಗರ್, ಬಿಪಿ ನೋಡಬೇಕು ಅಂತ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಮನೆ ಬಾಗಿಲಿಗೆ ಹೋಗಿ ಪರೀಕ್ಷೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ನಮ್ಮ ರಾಜ್ಯ 2024ರಲ್ಲಿ ಶುರು ಮಾಡಿತು. ಆಶಾ ಕಾರ್ಯಕರ್ತೆಯರು ಮಳೆಯಲ್ಲಿ ಕೊಡೆ ಹಿಡಿದು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಲೈನಿಗೆ ಬರುವುದನ್ನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅವರು ಬರುವುದು ಹಗಲು ಹನ್ನೊಂದಕ್ಕೋ ಹನ್ನೆರಡಕ್ಕೋ. ಆಗ ಲೈನಿನಲ್ಲಿ ಯಾರಿರುತ್ತಾರೆ? ಮುದುಕರು, ಮಕ್ಕಳು, ಬಾಣಂತಿಯರು. 30ರಿಂದ 60ರ ನಡುವಿನವರು ತೋಟದ ಒಳಗೆ ಯಾವುದೋ ಪಟ್ಟೆಯಲ್ಲಿರುತ್ತಾರೆ. ಬೀಗ ಹಾಕಿದ ಮನೆ ಅಂತ ಬರೆದುಕೊಂಡು ಆಶಾ ಅಕ್ಕ ವಾಪಸ್ ಹೋಗುತ್ತಾರೆ.

ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಒಂದೇ ಕಡೆ ಸಿಗಬಹುದಾದ ಹೊತ್ತು ದಿನಕ್ಕೆ ಒಂದೇ, ಬೆಳಗಿನ ಮಸ್ಟರ್. ಅರ್ಧ ಗಂಟೆ. ನೀವು ಆ ಹೊತ್ತಿಗೆ ಬನ್ನಿ. ಹಿಂದಿನ ಸಂಜೆ ನಮಗೆ ಹೇಳಿದರೆ ಸಾಕು, ಬೆಳಗ್ಗೆ ಕಾಫಿ ಕುಡಿಯದೆ ಬನ್ನಿ ಅಂತ ನಾನು ಪ್ರತಿ ಬಾಗಿಲಿಗೆ ಹೋಗಿ ಹೇಳುತ್ತೇನೆ. ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಯಾಕೆಂದರೆ ನಮ್ಮಲ್ಲಿ ಬೆಲ್ಲದ ಕಾಫಿಯನ್ನು ಯಾರೂ ತಿಂಡಿ ಅಂತ ಲೆಕ್ಕ ಹಾಕುವುದಿಲ್ಲ. "ಖಾಲಿ ಹೊಟ್ಟೆ" ಅನ್ನುತ್ತಾರೆ, ಎರಡು ಲೋಟ ಬೆಲ್ಲದ ಕಾಫಿ ಆಗಿರುತ್ತದೆ. ಶುಗರ್ ಇರುವವರೂ ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇನೆ, ಜೇನಿಗೆ ಬಂದಿದ್ದೇನೆ ಅಂತ ನೆಮ್ಮದಿಯಾಗಿರುತ್ತಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ. ರಕ್ತಕ್ಕೆ ಇಳಿದ ಮೇಲೆ ಎರಡಕ್ಕೂ ವ್ಯತ್ಯಾಸ ಇಲ್ಲ.

ಬಂದಾಗ ರಕ್ತ ಮಾತ್ರ ತೆಗೆದುಕೊಂಡು ಹೋಗಬೇಡಿ. ಪಾದ ನೋಡಿ. ಇದನ್ನು ಒತ್ತಿ ಹೇಳುತ್ತೇನೆ.

ಸಕ್ಕರೆ ಜಾಸ್ತಿಯಾದ ರಕ್ತ ವರ್ಷಗಟ್ಟಲೆ ಹರಿದರೆ ನರ ಸಾಯುತ್ತದೆ. ಉದ್ದದ ನರ ಮೊದಲು ಕೆಡುತ್ತದೆ. ಮೈಯಲ್ಲಿ ಎಲ್ಲಕ್ಕಿಂತ ಉದ್ದದ ನರ ಹೋಗುವುದು ಪಾದಕ್ಕೆ. ಅದಕ್ಕೇ ಜೋಮು, ಉರಿ, ಇರುವೆ ಹರಿದ ಹಾಗಾಗುವುದು ಎಲ್ಲ ಕಾಲ್ಬೆರಳ ತುದಿಯಿಂದ ಶುರು. ಆಮೇಲೆ ಒಂದು ದಿನ ಉರಿ ನಿಲ್ಲುತ್ತದೆ. ವಾಸಿಯಾಯಿತು ಅಂತ ಜನ ಖುಷಿಪಡುತ್ತಾರೆ. ಸ್ಪರ್ಶವೇ ಹೋಗಿರುತ್ತದೆ. ಜೊತೆಗೆ ರಕ್ತನಾಳಗಳೂ ಸಣ್ಣಗಾಗಿರುತ್ತವೆ, ಹಾಗಾಗಿ ಗಾಯ ಆದರೆ ಮಾಯುವುದಿಲ್ಲ.

ಇನ್ನು ಕೊಡಗಿನಲ್ಲಿ ಅಂಥ ಪಾದಕ್ಕೆ ಏನೇನು ಕಾದಿದೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಬೂಟಿನೊಳಗೆ ಒದ್ದೆ ಕಾಲು. ಬೆರಳ ಸಂದಿಯಲ್ಲಿ ಕೆಸರು ಹುಣ್ಣು. ಜಿಗಣೆ ಕಚ್ಚಿದ ಜಾಗ ತುರಿಸಿ ಆದ ಗಾಯ. ಅಳತೆಗೆ ಸರಿಯಿಲ್ಲದ ಬೂಟಿನೊಳಗೆ ಸೇರಿದ ಒಂದು ಕಲ್ಲು, ಅದರ ಮೇಲೆ ದಿನವಿಡೀ ನಡೆದರೂ ಗೊತ್ತಾಗುವುದಿಲ್ಲ. ಸಂಜೆ ಮನೆಗೆ ಬಂದು ಒಲೆ ಮುಂದೆ ಕಾಲು ಚಾಚಿ ಕೂರುವುದು. ಆಹಾ, ಜಡಿಮಳೆಯಲ್ಲಿ ಅದಕ್ಕಿಂತ ಸುಖ ಬೇರೆ ಇಲ್ಲ. ಆದರೆ ಸ್ಪರ್ಶ ಹೋದ ಪಾದ ಸುಡುತ್ತಿದ್ದರೂ ಹೇಳುವುದಿಲ್ಲ. ನಮ್ಮ ಲೈನಿನ ಒಬ್ಬ ಅಜ್ಜನ ಪಾದದ ಅಡಿಯಲ್ಲಿ ಹಪ್ಪಳದ ಹಾಗೆ ಬೊಬ್ಬೆ ಎದ್ದಿತ್ತು. ಬೆಳಗ್ಗೆ ನೆಲದ ಮೇಲೆ ನೀರಾದಾಗಲೇ ಅವರಿಗೆ ಗೊತ್ತಾಗಿದ್ದು.

ಪಾದ ಪರೀಕ್ಷೆಗೆ ದೊಡ್ಡ ಯಂತ್ರ ಬೇಡ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡ ಕೊಡುವ ಒಂದು ನೈಲಾನ್ ಎಳೆಯಿಂದ ನೋಡುತ್ತಾರೆ. ಅದೂ ಇಲ್ಲದಿದ್ದರೆ ಬರೀ ಬೆರಳು ಸಾಕು. ಆ ಅಕ್ಕನ ಡ್ರೆಸ್ಸಿಂಗ್‌ಗೆ ಹೋದಾಗ ಒಬ್ಬ ನರ್ಸ್ ಸಿಸ್ಟರ್ ನನಗೆ ತೋರಿಸಿಕೊಟ್ಟರು. ಎದುರಿಗಿರುವವರನ್ನು ಕಣ್ಣು ಮುಚ್ಚಲು ಹೇಳಬೇಕು. ಎರಡೂ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಮ್ಮ ತೋರುಬೆರಳಿನಿಂದ ಒಂದೊಂದಾಗಿ ಹಗುರವಾಗಿ ಮುಟ್ಟಬೇಕು. ಒಂದೆರಡು ಸೆಕೆಂಡ್ ಮಾತ್ರ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಅಂತ ಅವರು ಹೇಳಬೇಕು. ಒಟ್ಟು ಆರು ಬೆರಳು. ಎರಡು ಅಥವಾ ಜಾಸ್ತಿ ಬೆರಳು ಗೊತ್ತಾಗದಿದ್ದರೆ ಅವರ ಪಾದದ ಸ್ಪರ್ಶ ಕಡಿಮೆಯಾಗಿದೆ ಅಂತ ಲೆಕ್ಕ. ಒಂದು ನಿಮಿಷದ ಕೆಲಸ. ಮಸ್ಟರ್ ನಡೆಯುವಾಗಲೇ ಮುಗಿಯುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಶುಗರ್ ಇರುವವರು ಇದ್ದರೆ ಇವತ್ತೇ ಮಾಡಿ ನೋಡಿ.

ಸ್ಪರ್ಶ ಹೋದವರಿಗೆ ಚಪ್ಪಲಿ ಬೇಕು. ಕುಷ್ಠರೋಗ ಕಾರ್ಯಕ್ರಮದಲ್ಲಿ ಸ್ಪರ್ಶ ಇಲ್ಲದ ಪಾದಗಳಿಗೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಸರ್ಕಾರ ಉಚಿತವಾಗಿ ಕೊಡುತ್ತಲೇ ಇದೆ. ಅದೇ ಚಪ್ಪಲಿಯನ್ನು ಶುಗರಿನಿಂದ ಸ್ಪರ್ಶ ಹೋದವರಿಗೂ ಕೊಡಿಸಿ. ತೋಟದ ಮಾಲೀಕರಲ್ಲಿ ಕೇಳುವುದು ಇಷ್ಟೇ. ಗಂಬೂಟನ್ನು ಒಂದೇ ಸೈಜ್ ತಂದು ಹಂಚಬೇಡಿ, ಕಾಲಳತೆ ನೋಡಿ ತನ್ನಿ, ಜೊತೆಗೆ ಎರಡು ಜೊತೆ ಕಾಲುಚೀಲ ಕೊಡಿ. ಪಾದ ನೋಡುವ ದಿನ ಅರ್ಧ ಗಂಟೆ ತಡವಾದರೆ ಕೂಲಿ ಮುರಿಯಬೇಡಿ. ಕಾರ್ಮಿಕರ ಆರೋಗ್ಯ ತೋಟದ ಜವಾಬ್ದಾರಿ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು. ನಮ್ಮ ಮಾಲೀಕರು ನಾನು ಕೇಳಿದ ದಿನವೇ ಒಪ್ಪಿದರು, ಬೇರೆಯವರೂ ಒಪ್ಪುತ್ತಾರೆ ಅನ್ನುವ ನಂಬಿಕೆ ಇದೆ.

ಇನ್ನು ಮಾತ್ರೆಯ ವಿಷಯ. ಟೈಪ್ 2ಗೆ ಮೊದಲು ಕೊಡುವುದು ಸಾಮಾನ್ಯವಾಗಿ ಮೆಟ್‌ಫಾರ್ಮಿನ್. ಹಳೆಯ ಮಾತ್ರೆ, ಕಡಿಮೆ ಬೆಲೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಊಟದ ಜೊತೆ ತಗೊಂಡರೆ ಹೊಟ್ಟೆ ಕೆಡುವುದು ಕಡಿಮೆ. ಅದು ಸಾಲದಿದ್ದರೆ ಬೇರೆ ಮಾತ್ರೆ ಸೇರಿಸುತ್ತಾರೆ, ಆಮೇಲೆ ಇನ್ಸುಲಿನ್. ಮಾತ್ರೆ ಸಿಗುವುದು ಕಷ್ಟವಲ್ಲ. ತರುವುದು ಕಷ್ಟ. ತಿಂಗಳಿಗೊಮ್ಮೆ ಮಾತ್ರೆಗೆ ಅಂತ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಕೊಯ್ಲಿನಲ್ಲಿ ಅದು ಇನ್ನೂ ಜಾಸ್ತಿ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಷ್ಟೋ ಜನ ಮಾತ್ರೆ ಬಿಟ್ಟೇ ಬಿಡುತ್ತಾರೆ. ಆ ನಾಲ್ಕು ತಿಂಗಳು ಎರಡೆರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಇಲ್ಲವೇ ಸಂತೆ ದಿನ ಉಪಕೇಂದ್ರ ತೆರೆದಿಡಿ, ಸಾಮಾನು ತರಲು ಬಂದವರು ಮಾತ್ರೆಯನ್ನೂ ಒಯ್ಯುತ್ತಾರೆ. ಅಸ್ಸಾಂನಿಂದ ಬಂದು ದುಡಿಯುವವರಿಗೂ ಕೊಡಿ, ಇಲ್ಲಿನ ರೇಷನ್ ಕಾರ್ಡ್ ಕೇಳಬೇಡಿ.

ಮಾತ್ರೆಯಿಂದ ಆಗುವ ಒಂದು ಅಪಾಯವನ್ನೂ ಎಲ್ಲ ಮೇಸ್ತ್ರಿಗಳಿಗೆ ಕಲಿಸಬೇಕು. ಗ್ಲಿಮೆಪಿರೈಡ್ ಥರದ ಮಾತ್ರೆ, ಇನ್ಸುಲಿನ್ ತಗೊಂಡು ಹೊಟ್ಟೆಗೆ ತಿನ್ನದೆ ಕೆಲಸ ಮಾಡಿದರೆ ಶುಗರ್ ಪಾತಾಳಕ್ಕೆ ಇಳಿಯುತ್ತದೆ. 70ರ ಕೆಳಗೆ ಹೋದರೆ ಕೈಕಾಲು ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಮಾತು ತೊದಲುವುದು. ಹೋದ ವರ್ಷ ಹೀಗೇ ಒಬ್ಬರು ಹತ್ತೂವರೆ ಹೊತ್ತಿಗೆ ಕಾಫಿ ಗಿಡದ ಸಾಲಿನಲ್ಲಿ ಕೂತುಬಿಟ್ಟರು. ತೊದಲುತ್ತಿದ್ದರು. ಬೆಳಗ್ಗೆಯೇ ಕುಡಿದು ಬಂದಿದ್ದಾನೆ ಅಂತ ಸುತ್ತಲಿನವರು ಬೈದರು. ನನಗೆ ಅಷ್ಟರಲ್ಲಿ ಗೊತ್ತಿತ್ತು. ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆ ಕಾಯಬೇಕು, ಸರಿಯಾಗದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ. ಅವತ್ತು ಸಕ್ಕರೆ ನೀರು ಕುಡಿಸಿದ ಮೇಲೆ ಅವರು ಹತ್ತು ನಿಮಿಷದಲ್ಲಿ ಚೇತರಿಸಿಕೊಂಡರು. ಅಂದಿನಿಂದ ನಮ್ಮ ಪ್ರತಿ ಮೇಸ್ತ್ರಿಯ ಚೀಲದಲ್ಲಿ ಒಂದು ಡಬ್ಬಿ ಸಕ್ಕರೆ ಇರುತ್ತದೆ. ನಿಜವಾಗಿಯೂ ಕುಡಿದಿದ್ದರೂ ಇದೇ ಅಪಾಯ ಜಾಸ್ತಿ, ಯಾಕೆಂದರೆ ಖಾಲಿ ಹೊಟ್ಟೆಯಲ್ಲಿ ಹೆಂಡ ಶುಗರನ್ನು ಇನ್ನೂ ಇಳಿಸುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿರುವವರನ್ನು ಕುಡುಕ ಅಂತ ದಾಟಿಕೊಂಡು ಹೋಗಬೇಡಿ, ಒಮ್ಮೆ ಮಾತಾಡಿಸಿ ನೋಡಿ.

ಇನ್ಸುಲಿನ್ ಅಂದರೆ ನಮ್ಮ ಜನರಿಗೆ ಕೊನೆಯ ಹಂತ ಅನ್ನುವ ಭಯ. ನನ್ನ ಅಮ್ಮನೂ ಎರಡು ವರ್ಷ ಬೇಡ ಅಂತ ಹಠ ಹಿಡಿದಿದ್ದರು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಅಂಥ ಮಕ್ಕಳು ಕಣ್ಣೆದುರೇ ಸೊರಗಿ ಸಾಯುತ್ತಿದ್ದರು. ಆ ಹುಡುಗ ಮತ್ತೆ 13 ವರ್ಷ ಬದುಕಿದ. ಈ ಕತೆ ಹೇಳಿದ ಮೇಲೆ ಅಮ್ಮ ಒಪ್ಪಿದರು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಫ್ರಿಜ್ ಬಂದಾಯಿತು, ಔಷಧಿ ಕೆಟ್ಟಿತು ಅಂತ ಅಮ್ಮ ಅದನ್ನು ಎಸೆದು ಚುಚ್ಚಿಕೊಳ್ಳುವುದನ್ನೇ ನಿಲ್ಲಿಸಿದರು. ಎಸೆಯುವ ಅಗತ್ಯವೇ ಇರಲಿಲ್ಲ. ತೆರೆದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ ಇಲ್ಲದೆ, ಬಿಸಿಲು ಬೀಳದ ತಂಪು ಜಾಗದಲ್ಲಿ ಇರುತ್ತದೆ. ಜುಲೈ ತಿಂಗಳ ಕೊಡಗಿನ ಮನೆಗಿಂತ ತಂಪು ಜಾಗ ಬೇಕೇ? ತೆರೆಯದ ಬಾಟಲಿ ಮಾತ್ರ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಫ್ರೀಜರ್‌ನಲ್ಲಿ ಇಡಬಾರದು, ಗಟ್ಟಿಯಾದರೆ ಅದು ಹಾಳು. ಇಷ್ಟನ್ನು ಬಾಟಲಿ ಕೊಡುವಾಗ ಕನ್ನಡದಲ್ಲಿ ಒಂದು ಚೀಟಿ ಬರೆದು ಕೊಟ್ಟರೆ ಎಷ್ಟು ಜನ ಉಳಿಯುತ್ತಾರೆ.

ಅಂಗಳದಲ್ಲಿ ಇನ್ಸುಲಿನ್ ಗಿಡ ನೆಟ್ಟು ದಿನಾ ಎಲೆ ಅಗಿಯುವವರು ಪ್ರತಿ ಊರಲ್ಲೂ ಇದ್ದಾರೆ. ಗಿಡಮೂಲಿಕೆಯ ಬಗ್ಗೆ ನನಗೆ ಗೌರವ ಇದೆ. ಕೊಡವರ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ಪಾಯಸ ನಮ್ಮ ಮನೆಯಲ್ಲೂ ಆಗುತ್ತದೆ. ಆದರೆ ಎಲೆ ನಂಬಿ ಮಾತ್ರೆ ನಿಲ್ಲಿಸಬೇಡಿ. ಎಲೆಯ ಹೆಸರಲ್ಲಿ ಇನ್ಸುಲಿನ್ ಇದೆ, ಎಲೆಯೊಳಗೆ ಇಲ್ಲ. ಊಟದಲ್ಲೂ ಅಷ್ಟೇ, ಯಾವುದನ್ನೂ ಪೂರ್ತಿ ಬಿಡಿ ಅಂತ ನನಗೆ ಯಾವ ಡಾಕ್ಟರೂ ಹೇಳಲಿಲ್ಲ. ಐದು ಕಡಂಬುಟ್ಟು ತಿನ್ನುವ ಕಡೆ ಎರಡು ತಿನ್ನಿ, ಜೊತೆಗೆ ಸೊಪ್ಪು, ಕಾಳು, ಕೋಳಿ, ಮೊಟ್ಟೆ ಜಾಸ್ತಿ ಇರಲಿ. ರಾಗಿ ಒಳ್ಳೆಯದು ಅಂತ ಮೂರು ಮುದ್ದೆ ಉಂಡರೆ ಅದೂ ಶುಗರ್ ಏರಿಸುತ್ತದೆ.

ಪಾದದ ಬಗ್ಗೆ ಇಷ್ಟು ಬರೆದೆ ಅಂತ ಉಳಿದದ್ದು ಸಣ್ಣದು ಅಂದುಕೊಳ್ಳಬೇಡಿ. ಕಣ್ಣಿನ ಹಿಂಪರದೆ ಹಾಳಾಗುವುದು, ಕಿಡ್ನಿ ಕೆಡುವುದು, ಹೃದಯಾಘಾತ, ಪಾರ್ಶ್ವವಾಯು ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಮೊದಮೊದಲು ಯಾವುದಕ್ಕೂ ನೋವಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ ನೋಡಿಸಬೇಕು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ನೋಡಿಸಬೇಕು, ಬಿಪಿ ಹತೋಟಿಯಲ್ಲಿರಬೇಕು. ಕಣ್ಣಿನ ಒಳಭಾಗದ ಫೋಟೋ ತೆಗೆಯುವ ಕ್ಯಾಮೆರಾ ಒಂದು ವ್ಯಾನಿನಲ್ಲಿ ಐದೂ ತಾಲ್ಲೂಕು ಸುತ್ತಿದರೆ ಸಾಕು. ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಲೈನಿನಲ್ಲಿ ಇದನ್ನು ಮರೆಯಬಾರದು. ಬಸುರಿಯರಿಗೆ ಮೊದಲ ಭೇಟಿಯಲ್ಲೇ ಒಮ್ಮೆ, 24ರಿಂದ 28 ವಾರದೊಳಗೆ ಇನ್ನೊಮ್ಮೆ ಗ್ಲೂಕೋಸ್ ಪರೀಕ್ಷೆ ಆಗಬೇಕು ಅಂತ ಸರ್ಕಾರದ್ದೇ ನಿಯಮ. ಎರಡನೆಯದು ಕೊಯ್ಲಿನ ನಡುವೆ ಬಿದ್ದರೆ ತಪ್ಪಿಹೋಗುತ್ತದೆ. ಹೆರಿಗೆಯಾಗಿ ಆರು ವಾರಕ್ಕೆ ನೋಡಬೇಕಾದ್ದನ್ನಂತೂ ಯಾರೂ ನೆನಪಿಸುವುದಿಲ್ಲ.

ಕೊಡಗಿಗೆ ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ನಮ್ಮ ಹುಡುಗರು ಎಷ್ಟು ಕೂಗಿದರು ನಿಮಗೆ ನೆನಪಿರಬಹುದು. ನಾನೂ ದನಿ ಸೇರಿಸಿದ್ದೆ. ಈಗಲೂ ಬೇಕು ಅಂತಲೇ ಹೇಳುತ್ತೇನೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಅಷ್ಟು ದೂರ ಹೋಗುವಷ್ಟರಲ್ಲಿ ದಾರಿಯಲ್ಲೇ ಜೀವ ಹೋದವರಿದ್ದಾರೆ. ಆದರೆ ಆ ಅಕ್ಕನ ಬೆರಳು ಉಳಿಸಲು ದೊಡ್ಡ ಆಸ್ಪತ್ರೆ ಬೇಕಿರಲಿಲ್ಲ. ಒಂದು ಬೆಳಗ್ಗೆ, ಒಂದು ಬೆರಳು ಚುಚ್ಚುವ ಮೆಷಿನ್, ಪಾದ ಮುಟ್ಟಿ ನೋಡುವ ಒಬ್ಬರು ಸಾಕಿತ್ತು.

ವರ್ಷಕ್ಕೆ ಎರಡು ಸಲ ಬನ್ನಿ. ಗಂಬೂಟು ಹಾಕುವ ಮೊದಲು ಮೇ ಕೊನೆಯಲ್ಲಿ ಒಮ್ಮೆ. ಕೊಯ್ಲು ಜೋರಾಗುವ ಮೊದಲು ನವೆಂಬರ್‌ನಲ್ಲಿ ಒಮ್ಮೆ. ನವೆಂಬರ್ 14 ಹೇಗೂ ವಿಶ್ವ ಮಧುಮೇಹ ದಿನ. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ಅವತ್ತು ಪಟ್ಟಣದಲ್ಲಿ ಜಾಥಾ ಮಾಡುವ ಬದಲು ಒಂದು ತೋಟದ ಮಸ್ಟರಿಗೆ ಬನ್ನಿ ಅಂತ ಕೇಳಿಕೊಳ್ಳುತ್ತೇನೆ.

ಆ ಅಕ್ಕ ಈಗ ಕೊಯ್ಲಿಗೆ ಹೋಗುವುದಿಲ್ಲ. ಲೈನಿನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದೇವೆ. ಪ್ರತಿ ರಾತ್ರಿ ಟಾರ್ಚ್ ಹಿಡಿದು, ಒಂದು ಕನ್ನಡಿ ನೆಲದ ಮೇಲೆ ಇಟ್ಟು ತಮ್ಮ ಅಂಗಾಲು ನೋಡಿಕೊಳ್ಳುತ್ತಾರೆ. ಅಕ್ಕಪಕ್ಕದ ಮನೆಯವರ ಪಾದವನ್ನೂ ನೋಡುತ್ತಾರೆ. ಬೆರಳು ಮುಟ್ಟುವ ಪರೀಕ್ಷೆ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವರು ಹೀಗೆ ಮುಟ್ಟಿ ನೋಡಿ ಆಸ್ಪತ್ರೆಗೆ ಕಳಿಸಿದ ಮೂವರಿಗೆ ಶುಗರ್ ಇರುವುದು ಗೊತ್ತಾಗಿದೆ. ಮೂವರ ಪಾದವೂ ಇವತ್ತಿನವರೆಗೆ ಚೆನ್ನಾಗಿದೆ.

ನಮ್ಮ ತೋಟದ ಮಸ್ಟರ್ ಬೆಳಗ್ಗೆ 7.45ಕ್ಕೆ. ಕಣದ ಪಕ್ಕ ಶೆಡ್ ಇದೆ, ಮಳೆ ಬಂದರೂ ತೊಂದರೆ ಇಲ್ಲ. ಒಂದು ಮೇಜು, ಎರಡು ಬೆಂಚು, ಕೈ ತೊಳೆಯಲು ನೀರು, ಪರೀಕ್ಷೆ ಮುಗಿದ ಮೇಲೆ ಎಲ್ಲರಿಗೂ ತಿಂಡಿ ನಮ್ಮ ಕಡೆಯಿಂದ. ಹಿಂದಿನ ಸಂಜೆ ಒಂದು ಮಾತು ತಿಳಿಸಿ.

ಇಂತಿ,
ಸಿದ್ದಾಪುರ ಕಡೆಯ ಒಬ್ಬ ತೋಟದ ರೈಟರ್